ಸೀರಿಯಲ್ ನಂಬರ್

ಲೋಮ್ ಊರಿನಲ್ಲಿ ಸತ್ತವರು ಮೊದಲು
ಸ್ಪಾಸ್ಕಾಳ ಅಂಗಡಿಗೆ ಬರುತ್ತಾರೆ.
ಎ-ಫೋರ್ ಹಾಳೆ, ಕಪ್ಪು ಅಂಚು, ನಡುವೆ ಒಂದು ಮುಖ,
ಕೆಳಗೆ ಎಂದು, ಎಲ್ಲಿ, ಎಷ್ಟು ಗಂಟೆಗೆ.
ಆಮೇಲೆ ಬಾಗಿಲಿಗೆ, ಬಸ್‌ಸ್ಟಾಪಿಗೆ, ಲಿಂಡನ್ ಮರದ ಮೈಗೆ.
ಗೋಡೆ ಓದದೆ ನಮ್ಮಲ್ಲಿ ಯಾರೂ ಬ್ರೆಡ್ ತರಲು ಹೋಗುವುದಿಲ್ಲ.

ಆ ಬೆಳಿಗ್ಗೆ ಡ್ಯಾನ್ಯೂಬಿನ ಮಂಜು ಗಾಜಿಗೆ ಒರಗಿತ್ತು.
ಫೋನಿನಲ್ಲಿ ಅವಳೆಂದದ್ದು ಇಷ್ಟೇ: "ಬಾ. ಉಗುಳುತ್ತಿಲ್ಲ."
ನಾನು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವನು,
ಅವಳ ಹಳೇ ಪೆಟ್ಟಿಗೆಗೆ ಲಿನಕ್ಸ್ ಹಾಕಿಕೊಟ್ಟವನೂ ನಾನೇ.
ಹಾಗಾಗಿ ಅದರ ಪಾಪವೆಲ್ಲ ನನ್ನ ತಲೆಗೆ.

"ಆರಿಸಿ ಹಾಕಿದೆಯಾ?"
ತಲೆ ಅಡ್ಡಡ್ಡ ಆಡಿಸಿದಳು. ನಮ್ಮ ಕಡೆ ಹಾಗೆಂದರೆ ಹೌದು.
"ಕಾಗದ?" ಹೌದು. "ಟೋನರ್?" ಹೌದಪ್ಪಾ ಹೌದು.
ಹೀಟರಿನ ಪಕ್ಕ, ಸ್ಟೂಲಿನ ಮೇಲೆ ನೆದ್ಯಾಲ್ಕೊ,
ಟೋಪಿ ಮೊಣಕಾಲಿಗೆ ತೊಡಿಸಿ ಕೂತಿದ್ದ.
ಪರದೆಯಲ್ಲೂ ಅವನೇ, ಕಪ್ಪು ಅಂಚಿನೊಳಗೆ.
ನಾನು ಬೆಚ್ಚಿದ್ದು ಕಂಡು ಹೇಳಿದ:
"ನಾನಲ್ಲ. ಗೆನ್ಚೊ. ನನಗಿಂತ ಹತ್ತು ನಿಮಿಷ ದೊಡ್ಡವನು."

ಕಪ್ಪು ಕಿಟಕಿ ತೆರೆದು ಸಾಲಿನ ಸ್ಥಿತಿ ಕೇಳಿದೆ.
ಹದಿನಾಲ್ಕು ಕೆಲಸ, ಒಂದರ ಬೆನ್ನಿಗೊಂದು,
ಹಿಂದೆ ಹೊಸವರ್ಷದ ಬಾಳೆಹಣ್ಣಿಗೆ ನಿಲ್ಲುತ್ತಿದ್ದೆವಲ್ಲ, ಹಾಗೆ;
ಮುಂದಿನವನು ಯಾಕೆ ನಿಂತ, ಹಿಂದಿನವನಿಗೆ ತಿಳಿಯದು.
ಮೊದಲನೆಯದನ್ನು ರದ್ದು ಮಾಡಿದೆ.
ಎರಡನೆಯದು ಮುಂದೆ ಬಂದು ಅಲ್ಲೇ ನಿಂತಿತು.
ಸೇವೆಯನ್ನು ಮಲಗಿಸಿ ಎಬ್ಬಿಸಿದೆ.
ಎದ್ದಿತು, ಅಲ್ಲೇ ನಿಂತಿತು.
ಲಾಗ್ ಕಡತದ ಬಾಲ ಹಿಡಿದು ಓದಿದರೆ
ನಿನ್ನೆ ಮಧ್ಯಾಹ್ನದಿಂದ ಒಂದೇ ಜಪ:
ಪ್ರಿಂಟರ್ ಬರಲೆಂದು ಕಾಯುತ್ತಿದ್ದೇನೆ.
ಪ್ರಿಂಟರ್ ಬರಲೆಂದು ಕಾಯುತ್ತಿದ್ದೇನೆ.

ಎದುರಿಗೇ ಇದೆಯಲ್ಲೋ ಮಾರಾಯ,
ಹಸಿರು ದೀಪ ಹಚ್ಚಿಕೊಂಡು!

"ಸ್ಪಾಸ್ಕಾ, ಇದು ಅದೇ ಪ್ರಿಂಟರಾ?"
ಗಲ್ಲ ಮೇಲೆತ್ತಿ 'ಚ್' ಎಂದಳು. ಹಾಗೆಂದರೆ ಅಲ್ಲ.
ಹಳೆಯದರ ಹಲ್ಲು ಸವೆದಿತ್ತು,
ಇದು ವಿದಿನ್‌ನ ನೋಟರಿಯೊಬ್ಬ ಮಾರಿದ್ದು.
"ಅದೇ ಕಂಪನಿ, ಅದೇ ಮಾಡೆಲ್ಲು, ಅದೇ ಬೂದಿ ಬಣ್ಣ.
ತಂತಿ ಕಿತ್ತೆ, ತಂತಿ ಚುಚ್ಚಿದೆ. ಏನು ವ್ಯತ್ಯಾಸ?"
ಯಂತ್ರದ ಬೆನ್ನು ತಿರುಗಿಸಿ ಚೀಟಿ ಓದಿದೆ.
ಕೊನೆಯ ನಾಲ್ಕು ಅಂಕೆ ಬೇರೆ.

"ಮಿಲಿಟರಿಯಲ್ಲಿ ನನ್ನ ಬದಲು ಅವನು
ಎರಡು ರಾತ್ರಿ ಪಹರೆ ನಿಂತ," ಎಂದ ನೆದ್ಯಾಲ್ಕೊ, ಹೀಟರಿಗೆ.
"ಮೇಜರಿಗೂ ಗೊತ್ತಾಗಲಿಲ್ಲ.
ಈ ಡಬ್ಬಿಗೆ ಗೊತ್ತಾಗುತ್ತಿತ್ತು."

ಹಳೇ ವಿಳಾಸ ಅಳಿಸಿ ಹೊಸ ನಂಬರ್ ಬರೆದೆ,
ಸಾಲಿಗೆ ನಡೆ ಎಂದೆ.
ಒಮ್ಮೆ ಕೆಮ್ಮಿತು. ಆಮೇಲೆ ನಿಲ್ಲಿಸಿದರೂ ನಿಲ್ಲದು:
ಕಳೆದುಹೋದ ಬೆಕ್ಕು, ಕಿವಿಯ ಮೇಲೆ ಮಚ್ಚೆ;
ಪ್ಲಮ್ ಬ್ರಾಂದಿಯ ಲೇಬಲ್, ಎರಡು ಹಾಳೆ;
ಯಾರದೋ ಮದುವೆಯ ಊಟದ ಪಟ್ಟಿ, ಸೂಪಿನಿಂದ ಶುರು;
ಆಮೇಲೆ ಗೆನ್ಚೊ, ಗೆನ್ಚೊ, ಗೆನ್ಚೊ,
ಬೆಚ್ಚಗೆ, ಒಬ್ಬರ ಮೇಲೊಬ್ಬ, ಒಂಬತ್ತು ಸಲ.
"ಬರಲಿಲ್ಲ ಅಂತ ಒತ್ತಿದೆ," ಎಂದಳು ಸ್ಪಾಸ್ಕಾ, "ಮತ್ತೆ ಒತ್ತಿದೆ."

ನೆದ್ಯಾಲ್ಕೊ ಬೆರಳು ಮಡಚಿ ಎಣಿಸಿದ.
ಮನೆ ಬಾಗಿಲು. ಬಂದರಿನ ಗೇಟು. ಎರಡು ಬಸ್‌ಸ್ಟಾಪು.
ಚೆಸ್ ಆಡುವ ಕಟ್ಟೆ. ಔಷಧದ ಅಂಗಡಿ.
ಇವನೊಂದಿಗೆ ಏಳು ವರ್ಷದಿಂದ ಮಾತಾಡದ ನಾದಿನಿಯ ಮನೆಯ ಕಂಬ.
ಸ್ವಲ್ಪ ತಡೆದು, ತನ್ನದೇ ಬಾಗಿಲು.
ಎಂಟು. ದುಡ್ಡು ಎಂಟಕ್ಕೇ ಕೊಟ್ಟ,
ಹಾಳೆಗಳನ್ನು ಕೋಟಿನೊಳಗೆ ಇಟ್ಟುಕೊಂಡು
ಮಂಜಿಗೆ ಹೋದ.

ಒಂಬತ್ತನೆಯದನ್ನು ಸ್ಪಾಸ್ಕಾ ಬಿಸಾಡಲಿಲ್ಲ.
ಮಗುಚಿ, ಖಾಲಿ ಮಗ್ಗುಲಲ್ಲಿ, ನಾನು ಹೇಳಿದ ಹಾಗೆ
ಮೂರು ಸಾಲು ಆಜ್ಞೆ ಬರೆದುಕೊಂಡಳು, ಕೆಳಗೆ ನಂಬರು,
ಅದರ ಕೊನೆಯ ನಾಲ್ಕು ಅಂಕೆಗೆ ಎರಡು ಗೆರೆ.
ಟೇಪ್ ಹಚ್ಚಿ ಯಂತ್ರದ ಪಕ್ಕೆಗೆ ಅಂಟಿಸಿದಳು.

ಬರಹ ನಮ್ಮ ಕಡೆ.
ಮುಖ ಆ ಕಡೆ.