ತಲೆಯ ಮೇಲೆ ಚುಕ್ಕಿ ಹೊತ್ತ ಕ್ರಿಯಾಪದ

*ಪೆಕ್ತಿ.
ತಲೆಯ ಮೇಲೆ ಚುಕ್ಕಿ ಇಟ್ಟರೆ ಅರ್ಥ ಇಷ್ಟೆ:
ಇದನ್ನು ಯಾರೂ ಬರೆದಿಡಲಿಲ್ಲ,
ಆಡಿದ ಬಾಯಿ ಮಣ್ಣಾಗಿ ಸಾವಿರ ವರ್ಷದ ಮೇಲಾಯಿತು.
ಮಕ್ಕಳ ಮೂಗು ನೋಡಿ ನೋಡಿ
ಸತ್ತ ತಾಯಿಯ ಮುಖ ಬರೆದಂತೆ
ನಾವು ಬರೆದುಕೊಂಡದ್ದು.

ಬ್ರ್ನೋ, ಮೂರನೇ ಮಹಡಿ, ಕಾರ್ಡುಗಳ ಡ್ರಾಯರು.
ಇವತ್ತು ನನ್ನ ಪಾಲಿಗೆ ಬಂದ ಕಾರ್ಡು:
ಸುಡು, ರೊಟ್ಟಿ ಸುಡು, ಬೇಯಿಸು.
ಕೆಳಗೆ ಸಂತಾನ.
ರಷ್ಯನ್ನರ ಒಲೆ ಪೆಚ್, ಚಳಿಗೆ ಅದರ ಮೇಲೇ ಮಲಗುವರು;
ಅದರದೇ ಒಡಹುಟ್ಟು ಪೆಚಾಲ್, ದುಃಖ.
ನೊಂದವರು ಬೇಯದೆ ಇನ್ನೇನು?
ಪೋಲರ ಒಪ್ಯೆಕಾ, ತಬ್ಬಲಿಗೆ ಆಸರೆ.
ಪಾಕ, ಪಕ್ವ ಎಂಬ ದಾಯಾದಿಗಳು
ಎಂದೋ ಸಿಂಧೂ ದಾಟಿ ಹೋದವರು,
ಕಾಗದಪತ್ರ ಇಲ್ಲ.

ಪೆಚಾಲ್ಬಾ, ಪರದೇಶದ ದುಡಿಮೆ.
ಅಜ್ಜ ಅದಕ್ಕೇ ಟೊರಾಂಟೊಗೆ ಹಡಗು ಹತ್ತಿದ್ದು.
ಹಿಂದಿರುಗದ್ದಕ್ಕೆ
ನಮ್ಮ ಕಾರ್ಡಿನಲ್ಲಿ ಚಿಹ್ನೆ ಇಲ್ಲ.

"ಉದಾಹರಣೆಗೆ ಊರು ಬೇಕು, ಇಸವಿ ಬೇಕು"
ಅನ್ನುತ್ತಾರೆ ಮೇಲಧಿಕಾರಿ ಹಿನೆಕ್, ಕನ್ನಡಕ ಒರೆಸುತ್ತ.

ನಲವತ್ತೆಂಟು. ಯುದ್ಧ ಬಿಟ್ಟು ಬಂದ ರೈಲು.
ಮಕೆದೋನಿಯದ ಮಕ್ಕಳು, ಕೊರಳಲ್ಲಿ ರಟ್ಟಿನ ನಂಬರು.
ನನ್ನಮ್ಮ ಮೆನ್ಕಾಗೆ ಏಳು, ತಮ್ಮನಿಗೆ ನಾಲ್ಕು.
ಹೇನು ಹೆಕ್ಕುತ್ತ ದಾದಿ ಬ್ಲಾಝೆನಾ
ಪಕ್ಕದವಳಿಗೆ ಏನೋ ಹೇಳಿದಳು,
ಅದರಲ್ಲಿ ಇವಳಿಗೆ ಹತ್ತಿದ್ದು ಒಂದೇ ಮಾತು:
ಪೇಚೆ.
ಚೆಕ್ಕರ ಬಾಯಲ್ಲಿ ಅದು ಆರೈಕೆ.
ಅಮ್ಮನ ಊರಲ್ಲಿ ಪೆಚೆ ಎಂದರೆ
ಸುಡುತ್ತಾಳೆ.
ನಡುವೆ ಇದ್ದದ್ದು ಒಂದು ದೀರ್ಘ.

ಏಳು ವರ್ಷದ ಕಿವಿಗೆ ದೀರ್ಘ ಕೇಳಲಿಲ್ಲ.
ಸುಡುತ್ತಾಳೆ. ಯಾರನ್ನು?
ಕಾಡಿನ ಮುದುಕಿ, ಒಲೆಯ ಬಾಯಿ,
ಮೊರದಗಲ ಸಲಿಕೆಯ ಮೇಲೆ ಮಗು,
ಕತೆ ಎಲ್ಲ ಗೊತ್ತಿತ್ತಲ್ಲ!
ಮೂರು ದಿನ ಪೇಚಾಡಿದಳು ಮಂಚದಡಿ,
ತಮ್ಮನ ಬಾಯಿ ಅಂಗೈಯಲ್ಲಿ ಮುಚ್ಚಿ.

ನಾಲ್ಕನೇ ಬೆಳಗ್ಗೆ ಬ್ಲಾಝೆನಾ
ತನ್ನ ದಪ್ಪ ಮೈಯನ್ನು ನೆಲಕ್ಕೆ ಚಾಚಿ
ಒಳಗೆ ತಳ್ಳಿದಳು ಎರಡು ಬನ್ನು,
ಮುಟ್ಟಿದರೆ ಚುರ್ರೆನ್ನುವಂಥವು.
ಅಮ್ಮ ಮೂಸಿದಳು. ಮುರಿದಳು.
"ಸುಡುವುದೇನೋ ನಿಜ" ಅಂದಳು ತಮ್ಮನಿಗೆ,
"ನಮ್ಮನ್ನಲ್ಲ."

ಕಾರ್ಡಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದೆ.
ಊರು: ಮಂಚದಡಿ.
ಇಸವಿ: ಬನ್ನು ಆರುವ ಮುಂಚೆ.
ಚುಕ್ಕಿ ಇಡಲಿಲ್ಲ.
ಕೇಳಿದ ಕಿವಿ ಒಂದು ಇನ್ನೂ ಇದೆ,
ಓಸ್ತ್ರಾವಾದಲ್ಲಿ, ತ್ರಾಯ್ಕೋ ಮಾವನದು,
ಈಗೀಗ ಸ್ವಲ್ಪ ಮಂದ.