ಎಲ್ಲಿ ನೋಯುತ್ತೆ

ಡೂಂಲೈಟ್ ಸರ್ಕಲ್ಲಿನ ಬ್ಯಾಟರಿ ಅಂಗಡಿಯ ಮೇಲೆ
ಭಾನುವಾರ ಹತ್ತರಿಂದ ಒಂದರವರೆಗೆ ಜರ್ಮನ್.
ಕಲಿಸುವ ಜೆಸಿಂತಾ ಮಿಸ್ಸು ಅಲ್ಲಿ ಆರು ವರ್ಷ ಇದ್ದವರು.
ಯಾಕೆ ವಾಪಸು ಬಂದಿರಿ ಎಂದು
ನಾವು ಹನ್ನೊಂದು ಜನ ನರ್ಸುಗಳಲ್ಲಿ
ಒಬ್ಬರೂ ಕೇಳಿಲ್ಲ.

ಅಲ್ಲಿ ಎಲ್ಲಕ್ಕೂ ಲಿಂಗ ಇದೆಯಂತೆ.
ಚಮಚ ಗಂಡು, ಫೋರ್ಕು ಹೆಣ್ಣು,
ಗಾಯ ಹೆಣ್ಣು, ಸೂಜಿಯೂ ಹೆಣ್ಣು,
ರಕ್ತ ಎರಡೂ ಅಲ್ಲ.
ನೋವು, ಗಂಡು.
'ನಮ್ಮಮ್ಮೀನೂ ಇದೇ ಹೇಳೋದು'
ಎಂದಳು ಹಿಂದಿನ ಬೆಂಚಿನ ಶಬೀನಾ.

ಮತ್ತೆ ಹುಡುಗಿ?
ಹುಡುಗಿ ನಪುಂಸಕಲಿಂಗ, ಎಂದರು ಮಿಸ್ಸು,
ಹೆಂಗಸಾದ ಮೇಲೆ ಹೆಣ್ಣು.
ಎಲ್ಲರೂ ನಕ್ಕರು. ನನಗೇನೂ ಹೊಸದೆನಿಸಲಿಲ್ಲ.
ನಮ್ಮ ಮನೆಯ ತೆಲುಗಿನಲ್ಲಿ
ತಮ್ಮ ಬಂದರೆ 'ವಾಡು', ನಾನು ಬಂದರೆ 'ಅದಿ',
ಎಮ್ಮೆ ಬಂದರೂ 'ಅದಿ'.
ಪಕ್ಕದ ಮನೆಯ ಕನ್ನಡದಲ್ಲೂ ನಾನು
'ಪಾಪ, ಚೆನ್ನಾಗಿ ಓದ್ತದೆ ಆ ಹುಡುಗಿ.'

ಕಷ್ಟವಾದದ್ದು ನೋವಿನ ಪಾಠ.
ಹನ್ನೆರಡು ಸಾವಿರಕ್ಕೆ ನಾನು ನೈಟ್ ಡ್ಯೂಟಿ ಮಾಡುವ ನರ್ಸಿಂಗ್ ಹೋಮಿಗೆ
ಮುಳಬಾಗಿಲ ಕಡೆಯಿಂದ ಬರುವವರು
ಚುಳುಕ್ ಅಂತದೆ ಸಿಸ್ಟರ್, ಅನ್ನುತ್ತಾರೆ,
ಹಿಂಡ್ತದೆ, ಜುಂ ಅಂತದೆ, ಒಂದೇ ಮಂಟ,
ಒಳಗೆ ಯಾರೋ ರಾಗಿ ಬೀಸ್ದಂಗೆ.
ಆ ಭಾಷೆಯಲ್ಲಿ ನನ್ನ ಹತ್ತಿರ ಇರುವುದು ಒಂದೇ ಪದ,
ಜೊತೆಗೊಂದು ಅಂಕಿ, ಒಂದರಿಂದ ಹತ್ತರೊಳಗೆ.
ರಾಗಿ ಬೀಸುವುದು ಎಷ್ಟು ಮಿಸ್?
ಸುಮ್ಮನೆ ಸ್ವಲ್ಪ ಹೊತ್ತು ನಿಂತು
ಏಳು ಅಂತ ಬರ್ಕೊ, ಎಂದರು.

ಇಂಟರ್‌ವ್ಯೂ ಫೋನಿನಲ್ಲಿ.
ಟೊಮೆಟೊ ಕ್ರೇಟು, ಅದರ ಮೇಲೆ ಅಕ್ಕಿ ಡಬ್ಬ,
ಡಬ್ಬಕ್ಕೆ ಒರಗಿಸಿದ ಫೋನು.
ಹಲ್ಲು ಕಾಣದಂತೆ ನಗುವುದನ್ನು ಅಭ್ಯಾಸ ಮಾಡಿದ್ದೆ.
ನಮ್ಮೂರ ಬೋರ್‌ವೆಲ್ ನೀರು ಹಲ್ಲಿನ ಮೇಲೆಲ್ಲ
ಕಂದು ಬಣ್ಣದಲ್ಲಿ ವಿಳಾಸ ಬರೆದಿಟ್ಟಿದೆ.
'ಫ್ರಾವ್ ಕದಿರಪ್ಪ' ಎಂದರು ಬಿಳಿ ಕೂದಲಿನಾಕೆ.
ಮಂಡಿಯಿಂದ ಅಪ್ಪ ಬಂದು ಹಿಂದೆ ನಿಂತಿದ್ದಾನೇನೋ ಎಂದು
ತಿರುಗಿ ನೋಡಿದೆ.
ಕೆ. ಮುನಿಲಕ್ಷ್ಮಿಯ 'ಕೆ' ಅನ್ನು
ಪಾಸ್‌ಪೋರ್ಟಿನವರು ಬಿಡಿಸಿ ಬರೆದಿದ್ದಾರೆ, ಅಷ್ಟೆ.
ಹೆಣ್ಣಾದದ್ದು ಅದೇ ಮೊದಲು,
ಅದೂ ಅಪ್ಪನ ಹೆಸರಿನಲ್ಲಿ.

ಬಾಯಿಪಾಠದ ಉತ್ತರಗಳೆಲ್ಲ ಮುಗಿದ ಮೇಲೆ
ಬಾಯಿಪಾಠದಲ್ಲಿ ಇಲ್ಲದ್ದನ್ನು ಕೇಳಿದರು:
ರಾತ್ರಿ, ಒಬ್ಬರು ಮುದುಕರು ಅಳುತ್ತಿದ್ದಾರೆ,
ಕಾರಣ ಹೇಳುತ್ತಿಲ್ಲ. ನೀವೇನು ಮಾಡುತ್ತೀರಿ?
ಬಿಪಿ ನೋಡುತ್ತೇನೆ, ಡಾಕ್ಟರಿಗೆ ತಿಳಿಸುತ್ತೇನೆ,
ಕ್ರಿಯಾಪದ ನಡುವೆಯೋ ಕೊನೆಗೋ,
ಎಲ್ಲ ಗಂಟಲಲ್ಲಿ ಒಂದರ ಮೇಲೊಂದು ಬಿದ್ದು
ಎರಡೇ ಪದ ಹೊರಗೆ ಬಂದವು.
'ಇಷ್ ಜಿತ್ಸೆ.'
ಕೂತ್ಕೋತೀನಿ.

ಆಕೆ ಏನೋ ಬರೆದುಕೊಂಡರು.
ತಿಂಗಳೊಳಗೆ ತಿಳಿಸುತ್ತಾರಂತೆ.

ಹೇಳಿದ್ದು ಸುಳ್ಳು.
ನಮ್ಮ ವಾರ್ಡಿನಲ್ಲಿ ಸಿಸ್ಟರಿಗೆ ಕುರ್ಚಿಯಿಲ್ಲ.
ಕೂತರೆ, ಕ್ಯಾಮೆರಾದಲ್ಲಿ ನೋಡಿ
ಮನೆಯಿಂದಲೇ ಮ್ಯಾನೇಜರು ಫೋನು ಮಾಡುತ್ತಾರೆ.
ಎಂಟು ತಿಂಗಳಾಯಿತು. ಯಾರ ಪಕ್ಕದಲ್ಲೂ ಕೂತಿಲ್ಲ.

ಇವತ್ತು ಎರಡೂವರೆ ಗಂಟೆಗೆ
ಏಳನೇ ಬೆಡ್ಡಿನ ಗಂಗುಲಮ್ಮ
ಗೋಡೆ ಕಡೆ ತಿರುಗಿ ಅಳುತ್ತಿದ್ದಳು,
ಪಕ್ಕದ ಬೆಡ್ಡಿಗೆ ಕೇಳಿಸದಂತೆ.
ಎಲ್ಲಿ ನೋಯುತ್ತಮ್ಮ ಅಂದೆ.
'ಏಮೀ ಲೇದು, ಪೋ.'
ಆಚೆ ಬೈಪಾಸಿನಲ್ಲಿ ಟೊಮೆಟೊ ಲಾರಿಗಳು
ಗೇರು ಬದಲಿಸುತ್ತಿದ್ದವು.
ಸಲೈನ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು
ಕಾಲಲ್ಲೇ ಎಳೆದುಕೊಂಡೆ.
ನನ್ನ ಭಾರಕ್ಕೆ ಅದು ಒಂದಿಷ್ಟು ಕುಸಿದು, ತಡೆಯಿತು.

ಕೌಂಟರಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ.
ಗಂಗುಲಮ್ಮ ಇನ್ನೂ
ಈ ಕಡೆ ತಿರುಗಿಲ್ಲ.