ಕೂದಲೆಳೆಯಷ್ಟು ತಡ

ಕಿವಿಗೊಡುವುದು ನನಗೆ ಸಂಬಳದ ಕೆಲಸ.
ಓಲ್ಡಮ್ಮಿನ ಈ ಕ್ಲಿನಿಕ್ಕಿನಲ್ಲಿ ಅಕ್ಷರಶಃ ಕೊಡುತ್ತೇನೆ:
ಹುಣಸೆಬೀಜದಷ್ಟು ಯಂತ್ರ, ಬಲಕ್ಕೆ ಕೆಂಪು, ಎಡಕ್ಕೆ ನೀಲಿ,
ವಾರಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು.

ಗಿರಣಿಗೆ ಕಿವಿ ತೆತ್ತವರೇ ಇಲ್ಲಿ ಹೆಚ್ಚು,
ಮಗ್ಗದ ಸದ್ದಿನಲ್ಲಿ ತುಟಿ ಓದಿ ಬದುಕಿದವರು.
ನಾರ್ಮನ್ ಹೆಸ್ಕೆತ್ ಹಾಗಲ್ಲ.
"ನನ್ನ ಕಿವಿಯನ್ನು ನಾನೇ ಬಡಿದು ಕೊಂದೆ" ಅಂದ,
ಎಂಬತ್ತರ ಮುದುಕ. ತೊಡೆಯ ಮೇಲೆ ಎರಡು ಬೆರಳು
ಸುಮ್ಮನಿರಲೊಲ್ಲವು.
ಅರವತ್ತಾರರಲ್ಲಿ ಡ್ರಮ್ಮಿನ ಹಿಂದೆ ಕೂತವನು,
ದಿ ಕಾಪರ್ ಕೆಟಲ್ಸ್.
ಕೇಳಿಲ್ಲವೇ? ಯಾರೂ ಕೇಳಿಲ್ಲ.
ನಾಲ್ಕು ಹುಡುಗರು, ಒಂದು ಹಾಲಿನ ವ್ಯಾನು, ಬಾಡಿಗೆ ಸೂಟು,
ಶನಿವಾರ ಶನಿವಾರ ಕಾರ್ಮಿಕರ ಕ್ಲಬ್ಬು,
ಒಂದೇ ಒಂದು ಏಳಿಂಚಿನ ತಟ್ಟೆ.
ಲಂಡನ್ನು ಕರೆಯುತ್ತದೆಂದು ಕಾದರು.
ಲಂಡನ್ನಿಗೆ ಬೇರೆ ಕೆಲಸವಿತ್ತು.

ಪರೀಕ್ಷೆಯ ಗೆರೆ ಕಾಗದದ ಮೇಲೆ ಬಲಕ್ಕೆ ಹೋಗುತ್ತ
ಜಾರುಬಂಡೆಯಂತೆ ಇಳಿಯಿತು.
ತಗ್ಗಿನ ಸ್ವರ ಭದ್ರ. ಮೇಲಿನದೆಲ್ಲ ಖಾಲಿ:
ಹಕ್ಕಿ ಇಲ್ಲ, ಸಕಾರ ಶಕಾರ ಇಲ್ಲ,
ಮೊಮ್ಮಗಳ ಪಿಸುಮಾತು ಇಲ್ಲ,
ಕಂಚಿನ ತಾಳದ ಕಿಣಿ ಇಲ್ಲ.

ಯಂತ್ರ ಕೂರಿಸಿಕೊಳ್ಳಲು ಬಂದ ದಿನ
ಸೂಟ್‌ಕೇಸಿನಂಥ ಪ್ಲೇಯರನ್ನೇ ಹೊತ್ತು ತಂದ.
"ಇದಕ್ಕೇ ಕಿವಿ ಬೇಕಾದ್ದು. ಹೆಂಡತಿಗೆ ಹೇಳಬೇಡ."
ಹೊರಗೆ ಇನ್ನೂ ಮೂವರಿದ್ದರು. ಬಾಗಿಲು ಹಾಕಿದೆ.

ಮುಳ್ಳು ಇಳಿಯಿತು. ಮೊದಲು ಕೇಳಿದ್ದು ದಾವಣಗೆರೆ:
ಮಂಡಕ್ಕಿ ಭಟ್ಟಿಯ ಕಾದ ಮರಳಿನ ಚಟಪಟ,
ಅಪ್ಪ ಪೊಟ್ಟಣ ಕಟ್ಟಿಸುತ್ತಿದ್ದ ಓಣಿ.
ಆಮೇಲೆ ಗಿಟಾರು, ಆಗತಾನೆ ತೊಳೆದ ಸ್ಟೀಲಿನ ಹೊಳಪು.
ಮೂರು ದನಿ, ಒಂದರ ಹೆಗಲ ಮೇಲೊಂದು ಹತ್ತಿ
ಗೋಡೆಯಾಚೆ ಇಣುಕುವ ಹುಡುಗರ ಹಾಗೆ.
ಒಬ್ಬಳು ಹುಡುಗಿ, ಕೊನೆಯ ಬಸ್ಸು, ಅಷ್ಟೇ ಕತೆ.
ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು.

ಆ ಕಾಲದ ಹಾಡೆಂದರೆ
ಟೀ ಟವೆಲ್ಲಿನ ಮೇಲಿನ ಚಿತ್ರ, ವಿಮಾನ ನಿಲ್ದಾಣದಲ್ಲಿ ಮಾರುವ ಮಗ್ಗು
ಅಂದುಕೊಂಡಿದ್ದೆ ಇಷ್ಟು ವರ್ಷ.
ಒಳಗೆ ಇನ್ನೂ ಇಷ್ಟು ಬಿಸಿ ಇದೆಯೆಂದು
ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುದುಕ ಮಾತ್ರ ಕಲ್ಲಾಗಿದ್ದ.
"ಮತ್ತೊಮ್ಮೆ." ಹಾಕಿದೆ. "ಮತ್ತೊಮ್ಮೆ."
ಮೂರನೆಯ ಸಲ ಬೆರಳೆತ್ತಿದ: "ಅಲ್ಲಿ! ಕೇಳಿತಾ?
ಸಿಂಬಲ್ಲು ತಡ. ಕೂದಲೆಳೆಯಷ್ಟು ತಡ.
ಅದು ನಾನು."

ಐವತ್ತೇಳು ವರ್ಷ
ಬೇಸ್ ನುಡಿಸುತ್ತಿದ್ದ ರಾನ್ ಶಟಲ್ವರ್ತನದೇ ತಪ್ಪು ಅಂದಿದ್ದ:
ಓಡುತ್ತಾನೆ, ನನ್ನ ತಾಳ ಬಿಟ್ಟು ಮುಂದೆ ಓಡುತ್ತಾನೆ.
ಆ ಜಗಳಕ್ಕೇ ಕೆಟಲು ಆರಿದ್ದು.
ವರ್ಷ ಸವೆದಂತೆ ಕಿವಿಯಲ್ಲಿ ಉಳಿದದ್ದು ಬೇಸ್ ಒಂದೇ;
ಕೇಳಿಸಿದವನ ತಲೆಗೇ ಕಟ್ಟಿದ ಎಲ್ಲವನ್ನೂ.

ನನ್ನ ಮೇಜಿನಿಂದಲೇ ಫೋನು. ಏಳು ಮೈಲಿ, ರಾಚ್‌ಡೇಲು.
"ರಾನ್, ನಾನು. ತಡ ಮಾಡಿದ್ದು ನಾನು."
"ಏನು?"
"ತಪ್ಪು ನನ್ನದು!"
"ಜೋರಾಗಿ ಹೇಳಯ್ಯಾ, ಕೇಳಿಸೋದಿಲ್ಲ!"
ಗಂಟಲು ಹರಿಯುವಂತೆ ಒಪ್ಪಿಕೊಂಡ,
ಹೊರಗೆ ಕೂತ ಮೂವರು ಕಿವುಡರಿಗೂ ಕೇಳುವಷ್ಟು.
ಆಮೇಲೆ ರಾನ್ ಏನೆಂದನೋ, ಗೊತ್ತಿಲ್ಲ.
ನಾರ್ಮನ್ ಬಹಳ ಹೊತ್ತು ಕೇಳಿಸಿಕೊಂಡ.
ಹೋಗುವಾಗ ಗೆಳೆಯನ ಹೆಸರು ಬರೆಸಿದ,
ಗುರುವಾರ, ಹತ್ತೂವರೆಗೆ.

ಸಂಜೆ ಟ್ರ್ಯಾಮಿಗೆ ನಿಂತಿದ್ದೇನೆ.
ತಲೆಯೊಳಗೆ ಅದೇ ತಟ್ಟೆ.
ನನ್ನನ್ನು ಕೇಳಿದರೆ, ಆ ತಡವೇ ಚೆಂದ.
ಕೊನೆಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು
ಹತ್ತಲೋ ಬೇಡವೋ ಎಂದು
ಆ ಹುಡುಗಿ ತಿರುಗಿ ನೋಡಿದ್ದು ಅಲ್ಲೇ ಇರಬೇಕು.
ಮುದುಕನಿಗೆ ಹೇಳಬಹುದಿತ್ತು. ಹೊಳೆಯಲಿಲ್ಲ.

ಟ್ರ್ಯಾಮು ಬಂತು.
ಮುಂದಿನದಕ್ಕೆ ಹೋದರಾಯಿತೆಂದು ನಿಂತೆ.